ಬೀಗರನ್ನು ಗಾಳಿಯಲ್ಲಿ ತಿರುಗಿಸಿದ ಅತ್ತೆ

ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಮರ್ಯಾದಸ್ಥ ಮನೆತನಗಳಲ್ಲಿ ನಮ್ಮ ಸೋದರತ್ತೆ ಗಾಳಿಯಲ್ಲಿ ತಿರುಗಿಸದೆ ಬಿಟ್ಟ ಬೀಗರು ಬಹುಶಃ ಯಾರೂ ಇಲ್ಲ. ಪಟಗ ಸುತ್ತಿ ಗಂಭೀರವಾಗಿ ಕುಳಿತ ಹಿರಿಯರನ್ನು ಗುಲಾಬಿ ಹೂವಿನ ಹೊಟ್ಟೆಯೊಳಗಿಂದ ಎಬ್ಬಿಸಿದ್ದಾಳೆ. ಮದುಮಗನನ್ನು ಆರು ಮುಖದ ಡಬ್ಬಿಗೆ ಅಂಟಿಸಿ ತಿರುಗಿಸಿದ್ದಾಳೆ. ಮದುಮಗಳ ದೊಡ್ಡಮ್ಮಂದಿರನ್ನು ತುಂಗಭದ್ರಾ ಡ್ಯಾಮಿನ ನೀರಿನ ಮೇಲೆ ಸಾಲಾಗಿ ನಡೆಸಿದ್ದಾಳೆ, ಅದೂ ಚಪ್ಪಲಿ ಹಾಕಿಸಿ! ಇಷ್ಟಾದರೂ ಅವಳ ಮೇಲೆ ಒಂದೇ ಒಂದು ಪೊಲೀಸ್ ಕಂಪ್ಲೇಂಟ್ ಆಗಿಲ್ಲ ಎಂದರೆ ನಂಬುತ್ತೀರಾ? ಆಗಿಲ್ಲ. ಬದಲಿಗೆ ಜನ ಲಗ್ನದ ತಾರೀಖು ಗೊತ್ತುಮಾಡುವ ಮೊದಲು ಸ್ಟುಡಿಯೋಕ್ಕೆ ಬಂದು, "ಅಕ್ಕಾರ, ಆ ದಿನ ಖಾಲಿ ಅದೀರೇನ್ರೀ?" ಎಂದು ಕೇಳಿ ಹೋಗುತ್ತಿದ್ದರು.

ಅದಿರಿಗೆ ಬಂಗಾರದ ಬೆಲೆ ಬಂದಿದ್ದ ಕಾಲ ಅದು. ನಮ್ಮ ಊರಿನ ರಸ್ತೆ, ಗಿಡ, ಒಣಹಾಕಿದ ಬಿಳಿ ಪಂಚೆ ಎಲ್ಲವೂ ಕೆಂಪಾಗಿದ್ದವು. ನಿನ್ನೆಯವರೆಗೆ ಸೈಕಲ್ ತುಳಿಯುತ್ತಿದ್ದವನು ಇವತ್ತು ಕಾರಿನ ಗಾಜು ಇಳಿಸಿ "ಏನ್ ಆರಾಮೇನ್ರಿ?" ಎನ್ನುತ್ತಿದ್ದ. ಹಂಗಿದ್ದಾಗ ಲಗ್ನಗಳು ಹಳೆಯ ರೀತಿಯಲ್ಲಿ ನಡೆಯುತ್ತವೆಯೇ? ಊಟ ದೊಡ್ಡದಾಯಿತು, ಪೆಂಡಾಲು ದೊಡ್ಡದಾಯಿತು, ವಿಡಿಯೋ ಮಾತ್ರ ಹಳೆಯ ಹಾಗೆ ಚಪ್ಪಟೆಯಾಗಿ ಉಳಿದರೆ ಹೇಗೆ? ಆ ಕೊರತೆಯನ್ನು ತುಂಬಲು ದೇವರು ನಮ್ಮ ಅತ್ತೆಯನ್ನು ಕಳಿಸಿದ.

ಅತ್ತೆ ನಮ್ಮಪ್ಪನ ಅಕ್ಕ. ಅವಳ ಗಂಡ, ನಮ್ಮ ಮಾಮ, ಹೊಸಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ಮಾಮ ಫೋಟೋ ತೆಗೆಯುವುದು, ಅತ್ತೆ ಒಳಗೆ ಕುಳಿತು ಸಣ್ಣ ಬ್ರಷ್ ಹಿಡಿದು ಅದನ್ನು ತಿದ್ದುವುದು. ಮೊಡವೆ ಅಳಿಸುತ್ತಿದ್ದಳು. ಕಣ್ಣು ಮುಚ್ಚಿಕೊಂಡವರಿಗೆ ಕಣ್ಣು ಬರೆಯುತ್ತಿದ್ದಳು. ಒಮ್ಮೆ ಒಬ್ಬ ವರನ ಬೋಳು ತಲೆಗೆ ಕೂದಲು ಬರೆದುಕೊಟ್ಟಿದ್ದಳಂತೆ. ಆ ಫೋಟೋ ನೋಡಿ ಒಪ್ಪಿದ ಹುಡುಗಿಯ ಮನೆಯವರು ಸ್ಟುಡಿಯೋ ತನಕ ಬಂದು ಜಗಳ ತೆಗೆದಿದ್ದರಂತೆ. "ನಾ ಕೂದಲಾ ಬರದೀನಿ, ಲಗ್ನಪತ್ರಿಕಾ ಬರದಿಲ್ಲ" ಎಂದು ಅತ್ತೆ ಅವರನ್ನು ಸಾಗಹಾಕಿದಳಂತೆ.

ಮಾಮ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಅಂಗಡಿ ಮಾರಿಬಿಡು ಎಂದು ಬಂಧುಗಳೆಲ್ಲ ಹೇಳಿದರು. ಅತ್ತೆ ಎಲ್ಲರ ಮಾತನ್ನೂ ತಲೆಬಗ್ಗಿಸಿ ಕೇಳಿದಳು. ದಿನಕರ್ಮ ಮುಗಿದ ಮರುವಾರವೇ ಸ್ಟುಡಿಯೋದ ಶಟರ್ ಎತ್ತಿ, ಮಾಮನ ವಿಡಿಯೋ ಕ್ಯಾಮೆರಾ ಹೆಗಲಿಗೇರಿಸಿ ಒಂದು ಲಗ್ನಕ್ಕೆ ಹೊರಟೇಬಿಟ್ಟಳು. ಶೂಟಿಂಗ್ ಅವಳದು. ಕಂಪ್ಯೂಟರಿನಲ್ಲಿ ಎಡಿಟಿಂಗ್ ಮಾಡಲು ಒಬ್ಬನನ್ನು ಇಟ್ಟುಕೊಂಡಿದ್ದಳು. ಅವನಿಗೆ ಗಣಿಯ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಕೆಲಸ ಸಿಕ್ಕಿತು. ಆಗ ಗಣಿ ಕೈಮಾಡಿ ಕರೆದರೆ ನಿಲ್ಲುವವರು ಯಾರು? ನಮ್ಮ ಓಣಿಯ ಟೇಲರ್ ಅರ್ಧ ಹೊಲಿದ ಬ್ಲೌಸುಗಳನ್ನು ಬಿಟ್ಟು ಸಂಡೂರಿಗೆ ಹೋಗಿದ್ದ! ಎಡಿಟಿಂಗಿನವನೂ ಹೋದ. ಮುಗಿಸದ ಲಗ್ನಗಳು ಮೇಜಿನ ಮೇಲೆ ರಾಶಿ ಬಿದ್ದವು. ಅತ್ತೆ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ತಾನೇ ಕುಳಿತಳು.

ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬಳ್ಳಾರಿಯಿಂದ ಯಾರೋ ಬಂದು ಎಲ್ಲಿ ಒತ್ತಬೇಕು ಎಂದು ತೋರಿಸಿಕೊಟ್ಟು ಹೋದರು. ಉಳಿದದ್ದನ್ನು ಅವಳು ತನ್ನ ಮಾತಿನಲ್ಲಿ ಕಲಿತಳು. ಒಂದು ಫೋಟೋ ಇಲ್ಲಿಂದ ಅಲ್ಲಿಗೆ ಸರಿಯಬೇಕೆಂದರೆ, ಇಲ್ಲಿ ಒಂದು ಗುರುತು, ಅಲ್ಲಿ ಒಂದು ಗುರುತು ಹಾಕಬೇಕು. ನಡುವಿನ ಚಲನೆಯನ್ನು ಕಂಪ್ಯೂಟರೇ ತುಂಬಿಕೊಳ್ಳುತ್ತದೆ. ಆ ಗುರುತಿಗೆ ಏನೋ ಇಂಗ್ಲಿಷ್ ಹೆಸರಿದೆ. ಅತ್ತೆ ಅದಕ್ಕೆ 'ಗೂಟ' ಎಂದಳು. "ಇಲ್ಲೊಂದು ಗೂಟ, ಅಲ್ಲೊಂದು ಗೂಟ ಬಡದ್ರ ಆತು. ನಡುವ ಎಮ್ಮಿ ತಾನ ನಡಕೊಂತ ಹೋಗ್ತೈತಿ." ಎಡಿಟ್ ಮಾಡಿದ್ದನ್ನು ಕಂಪ್ಯೂಟರ್ ಒಟ್ಟುಗೂಡಿಸಿ ಒಂದು ವಿಡಿಯೋ ಮಾಡಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತಿತ್ತು. ಅದಕ್ಕೆ 'ಬೇಯಾಕ ಇಡೋದು' ಎಂದಳು. ಅರ್ಧ ಬೆಂದಾಗ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಆಗ ಅವಳು ಕರೆಂಟಿನವರಿಗೆ ಹಾಕುತ್ತಿದ್ದ ಬೈಗುಳಗಳನ್ನು ಇಲ್ಲಿ ಬರೆಯುವುದು ಶೋಭೆಯಲ್ಲ.

ಒಂದು ದಿನ ನಾನು ಸೊಪ್ಪು ಕೊಟ್ಟು ಬರೋಣವೆಂದು ಅವಳ ಮನೆಗೆ ಹೋಗಿದ್ದೆ. ನನ್ನ ಗಂಡನ ಮನೆಯೂ ಅದೇ ಓಣಿಯಲ್ಲಿದೆ. ಅಡುಗೆಮನೆಗೆ ಕಾಲಿಟ್ಟೆನೋ ಇಲ್ಲವೋ, ಅತ್ತೆ ನನ್ನ ತಲೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಕಟ್ಟೆಯ ಮೇಲಕ್ಕೆ ಬಗ್ಗಿಸಿದಳು. ಇವಳಿಗೆ ತಲೆ ಕೆಟ್ಟಿತೇ? ಕಟ್ಟೆಯ ಮೇಲೆ ಸ್ಟೀಲ್ ಲೋಟಗಳನ್ನು ಹಿಂದೆ ಮುಂದೆ ನಿಲ್ಲಿಸಿದ್ದಳು.

"ಕಣ್ಣ ತಗಿ, ಯವ್ವಾ. ಈಗ ನೀನು ಕ್ಯಾಮೆರಾ" ಎಂದಳು.

"ಅತ್ತಿ, ಕುತ್ತಿಗಿ ನೋಯಾಕತ್ತೈತಿ."

"ಕ್ಯಾಮೆರಾಕ್ಕ ಕುತ್ತಿಗಿ ಇರಂಗಿಲ್ಲ. ಸುಮ್ನ ನೋಡು."

ನನ್ನ ತಲೆಯನ್ನು ಮೆಲ್ಲಗೆ ಲೋಟಗಳ ನಡುವೆ ತೂರಿಸಿಕೊಂಡು ಹೋದಳು. ಮುಂದಿನ ಲೋಟ ದೊಡ್ಡದಾಗಿ ಬಂದು ಪಕ್ಕಕ್ಕೆ ಜಾರಿ ಮರೆಯಾಯಿತು. ಹಿಂದಿದ್ದ ಸಣ್ಣ ಲೋಟ ದೊಡ್ಡದಾಗುತ್ತ ಎದುರಿಗೆ ಬಂತು. "ಕಂಡ್ತಾ? ಇದ ತ್ರೀಡಿ. ಫೋಟೋದಾಗಿನ ಒಬ್ಬೊಬ್ಬರನ್ನೂ ಅಂಚು ಹಿಡದು ಬಿಡಿಸಿ, ಹಿಂಗ ಹಿಂದ ಮುಂದ ನಿಂದ್ರಿಸಬೇಕು. ಆಮ್ಯಾಲೆ ಕ್ಯಾಮೆರಾನ ಅವರ ನಡುವ ಬಿಡಬೇಕು. ಅಡ್ಡ ಐತಿ, ಉದ್ದ ಐತಿ, ಇಷ್ಟು ದಿನ ಆಳ ಎಲ್ಲಿತ್ತು ಹೇಳು? ಫೋಟೋದಾಗ ಆಳ ಇರಲೇ ಇಲ್ಲ." ಐವತ್ತು ದಾಟಿದ ಹೆಂಗಸು, ಕಣ್ಣಲ್ಲಿ ಹೊಳಪು ತುಂಬಿಕೊಂಡು ಲೋಟಗಳ ಮುಂದೆ ನಿಂತಿದ್ದಳು. ನಾನು ಕುತ್ತಿಗೆ ಉಜ್ಜಿಕೊಳ್ಳುತ್ತ ಮನೆಗೆ ಬಂದೆ. ಸೊಪ್ಪು ಕೊಡುವುದು ಮರೆತೇ ಹೋಗಿತ್ತು.

ಆಮೇಲೆ ಶುರುವಾಯಿತು ನೋಡಿ!

ಸಂಡೂರಿನ ಒಬ್ಬ ಅದಿರು ಸಾಗಣೆಯವರ ಮಗನ ಲಗ್ನ. ಅತ್ತೆ ಅದರ ವಿಡಿಯೋ ಶುರುಮಾಡಿದ್ದು ಹೀಗೆ: ಕೆಂಪು ಗುಡ್ಡ, ಗುಡ್ಡದ ತಿರುವಿನಲ್ಲಿ ಅವರದೇ ಟಿಪ್ಪರ್ ಲಾರಿ. ಲಾರಿ ಗಾಳಿಯಲ್ಲಿ ಒಂದು ಸುತ್ತು ಹೊಡೆದು ನಮ್ಮ ಎದುರಿಗೆ ಬಂದು ನಿಲ್ಲುತ್ತದೆ. ಹಿಂಭಾಗ ಮೆಲ್ಲಗೆ ಮೇಲೇಳುತ್ತದೆ. ಅದಿರು ಸುರಿಯುತ್ತದೆ ಎಂದುಕೊಂಡರೆ ಮಲ್ಲಿಗೆ ಸುರಿಯುತ್ತದೆ. ಮಲ್ಲಿಗೆಯ ಜೊತೆ ಮದುಮಗನೂ ಸುರಿಯುತ್ತಾನೆ, ತಲೆಕೆಳಗಾಗಿ! ಕೆಳಗೆ ಮದುಮಗಳು ಕೈಮುಗಿದು ನಿಂತಿದ್ದಾಳೆ. ನಾನು ಅದನ್ನು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡೆ. "ಅತ್ತಿ, ಶುಭಕಾರ್ಯದಾಗ ಹುಡುಗನ್ನ ಲಾರ್‍ಯಾಗಿಂದ ಚೆಲ್ತಾರೇನು? ಅವ್ರು ನಿನ್ನ ಸುಮ್ನ ಬಿಡ್ತಾರ?"

ಅವತ್ತೇ ಹುಡುಗನ ಅಪ್ಪ ಬಂದರು. ಬೆರಳಿಗೆಲ್ಲ ಉಂಗುರ. ಉಸಿರು ಬಿಗಿಹಿಡಿದು ಪೂರ್ತಿ ನೋಡಿದರು. ನಾನು ಹಿಂಬಾಗಿಲು ಎಲ್ಲಿದೆ ಎಂದು ನೋಡಿಟ್ಟುಕೊಂಡೆ. ಅವರು ಗಂಟಲು ಸರಿಮಾಡಿಕೊಂಡು, "ಎಲ್ಲಾ ಮಸ್ತ್ ಐತ್ರಿ ಅಕ್ಕಾರ. ಗಾಡಿ ನಂಬರ್ ಒಂದು ಕಾಣವಲ್ದು. ಅದನ್ನ ಸ್ವಲ್ಪ ಮುಂದ ತರ್ರಿ" ಎಂದರು.

ಮುಂದೆ ತರುವುದು! ಅಲ್ಲೇ ಇತ್ತು ನೋಡಿ ಎಲ್ಲ ತಂಟೆ. ಹಳೆಯ ಗ್ರೂಪ್ ಫೋಟೋದಲ್ಲಿ ಯಾರು ಎಲ್ಲಿ ಎನ್ನುವುದಕ್ಕೆ ಒಂದು ಕಟ್ಟಳೆ ಇತ್ತು. ಹಿರಿಯರಿಗೆ ಕುರ್ಚಿ, ಅವರ ಹಿಂದೆ ಗಂಡುಮಕ್ಕಳು, ಹುಡುಗರು ನೆಲಕ್ಕೆ. ತ್ರೀಡಿಯಲ್ಲಿ ಮುಂದೆ ನಿಂತವನು ದೊಡ್ಡದಾಗಿ ಕಾಣುತ್ತಾನೆ, ಹಿಂದೆ ನಿಂತವನು ಸಣ್ಣಗಾಗುತ್ತಾನೆ. ನಮ್ಮ ಕಡೆ ಇದನ್ನು ಸಹಿಸುವವರು ಯಾರು? ಲಗ್ನ ಮುಗಿದ ಮೇಲೆ ಎರಡೂ ಕಡೆಯ ಬೀಗರು ಅತ್ತೆಯ ಬೆನ್ನಹಿಂದೆ ಸ್ಟೂಲು ಹಾಕಿಕೊಂಡು ಕೂರತೊಡಗಿದರು. "ನಮ್ಮ ಕಾಕಾನ ಯಾಕ ಅಷ್ಟು ಹಿಂದ ಒಗದೀರಿ?" "ಅವ್ರ ಮಾವಗಿಂತ ನಮ್ಮ ಮಾವ ವಯಸ್ಸಿನಾಗ ದೊಡ್ಡವನ್ರಿ." ಕಮಲಾಪುರದ ಬಾಳೆತೋಟದ ಅಣ್ಣತಮ್ಮಂದಿರಿಬ್ಬರು, ಲಗ್ನದಲ್ಲಿ ಒಂದೇ ಎಲೆಯಲ್ಲಿ ಉಣ್ಣುವವರ ಹಾಗೆ ಇದ್ದವರು, ಸ್ಟುಡಿಯೋದಲ್ಲಿ ಒಬ್ಬರಿಗಿಂತ ಒಬ್ಬರು ಮುಂದೆ ಬರಲು ಹೋಗಿ ಹೊಲದ ಬದುವಿನ ಹಳೇ ಜಗಳ ಎತ್ತಿದರು. ತಮ್ಮ ಸ್ಟೂಲನ್ನು ಒದ್ದ. ಅಣ್ಣ ಕಂಪ್ಯೂಟರಿನ ವೈರು ಹಿಡಿದ.

ನಾನಾಗಿದ್ದರೆ ಕಿರುಚಿ ಓಣಿ ಸೇರಿಸುತ್ತಿದ್ದೆ. ಅತ್ತೆ ಕುರ್ಚಿಯಿಂದ ಏಳಲೂ ಇಲ್ಲ. "ಕುಂದ್ರಿ ಇಬ್ಬರೂ. ಕ್ಯಾಮೆರಾ ನಿಮ್ಮ ಸುತ್ತ ಒಂದು ಪ್ರದಕ್ಷಿಣಿ ಹಾಕ್ತೈತಿ. ಹೋಗುವಾಗ ಅಣ್ಣ ಮುಂದ, ಬರುವಾಗ ತಮ್ಮ ಮುಂದ. ಇಬ್ಬರಿಗೂ ಪಾಳಿ ಐತಿ" ಎಂದಳು. ಅವರು ಒಪ್ಪಿದರು. ಆಮೇಲೆ ಕೇಳಿದ್ದು: ಇಬ್ಬರೂ ಮನೆಯಲ್ಲಿ ತಮ್ಮ ತಮ್ಮ ಪಾಳಿಯಷ್ಟೇ ಹಾಕಿಕೊಂಡು ನೋಡಿ ಟಿವಿ ಆರಿಸುತ್ತಿದ್ದರಂತೆ.

ಇಂಥಾ ಅತ್ತೆ ಇದ್ದಾಗ ನನ್ನ ತಂಗಿಯ ನಿಶ್ಚಯ ಗೊತ್ತಾಯಿತು. ಹುಡುಗ ಕಂಪ್ಲಿಯವನು. ಅಕ್ಕಿ ಗಿರಣಿಯ ಮನೆತನ. ಹುಡುಗ ಸಣ್ಣವನಿದ್ದಾಗಲೇ ಅವನ ತಂದೆ ತೀರಿಕೊಂಡಿದ್ದರು. ಮನೆ, ಗಿರಣಿ, ಮಾತು ಎಲ್ಲವೂ ಹುಡುಗನ ದೊಡ್ಡಪ್ಪನದು. ಬಿಳಿ ಮೀಸೆ, ಗಟ್ಟಿ ದನಿ, ಹಳೆಯ ಕಟ್ಟಳೆಯ ಮನುಷ್ಯ. ನನ್ನ ತಂಗಿಗೆ ಹುಡುಗ ಮನಸ್ಸಿಗೆ ಬಂದಿದ್ದ. ಇದಕ್ಕೆ ಮೊದಲು ನೋಡಿಹೋದ ಎರಡು ಕಡೆಯವರು ಏನೇನೋ ನೆಪ ಹೇಳಿ ಬಿಟ್ಟಿದ್ದರು. ಇದೊಂದು ಸರಿಯಾಗಿ ದಡ ಮುಟ್ಟಲಿ ಎಂದು ಅವ್ವ ಹರಕೆ ಹೊತ್ತಿದ್ದಳು.

ನಾನು ಅತ್ತೆಯ ಮನೆಗೆ ಹೋಗಿ ಕೈಮುಗಿದೆ. "ಅತ್ತಿ, ನಿಶ್ಚಯದ ವಿಡಿಯೋ ನೀನ ಮಾಡು, ಬ್ಯಾಡ ಅನ್ನಂಗಿಲ್ಲ. ಆದ್ರ ಯಾರನ್ನೂ ಹಾರಿಸಬ್ಯಾಡ. ಯಾರನ್ನೂ ತಿರುಗಿಸಬ್ಯಾಡ. ಆ ದೊಡ್ಡಪ್ಪಂದು ಭಾಳ ಬಿಗಿ."

"ಆತು ಬಿಡ. ಹಾರಿಸಂಗಿಲ್ಲ, ತಿರುಗಿಸಂಗಿಲ್ಲ" ಎಂದಳು. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ನಿಶ್ಚಯ ನಮ್ಮ ಓಣಿಯ ಹಳೆಯ ಕಲ್ಯಾಣ ಮಂಟಪದಲ್ಲಿ ಚಂದವಾಗಿ ಆಯಿತು. ದೊಡ್ಡಪ್ಪ ಮುಂದಿನ ಕುರ್ಚಿಯಲ್ಲಿ ಕುಳಿತಿದ್ದರು. ತಂಗಿಗೆ ಉಡಿ ತುಂಬಿದ್ದು ಅವರ ಹೆಂಡತಿ, ಹುಡುಗನ ದೊಡ್ಡಮ್ಮ. ಹುಡುಗನ ತಾಯಿ ಬಂದಿದ್ದರು, ಆದರೆ ಹಿಂದೆ ಒಂದು ಕಂಬದ ಮರೆಗೆ ನಿಂತಿದ್ದರು. ಗಂಡ ಇಲ್ಲದವರು ಶುಭಕಾರ್ಯದಲ್ಲಿ ಮುಂದೆ ಬರುವ ಪದ್ಧತಿ ಇಲ್ಲವಲ್ಲ. ನಾವೂ ನೋಡಿದೆವು. ನಮಗೆ ಅದರಲ್ಲಿ ಹೊಸತೇನೂ ಕಾಣಲಿಲ್ಲ. ಅತ್ತೆ ಕ್ಯಾಮೆರಾ ಹೊತ್ತುಕೊಂಡು ವೇದಿಕೆಯ ತುಂಬ ಓಡಾಡಿಕೊಂಡಿದ್ದಳು.

ಒಂದು ವಾರ ಕಳೆಯಿತು. ಅತ್ತೆ ಸಿಡಿ ತಯಾರು ಮಾಡಿ, ನಮಗೆ ತೋರಿಸದೆ, ಕಂಪ್ಲಿ ಬಸ್ಸಿನ ಡ್ರೈವರ್ ಕೈಯಲ್ಲಿ ಬೀಗರಿಗೆ ಕಳಿಸಿಬಿಟ್ಟಿದ್ದಳು. ಮರುದಿನ ಈ ಸಂಬಂಧ ಕುದುರಿಸಿದ್ದ ಹಿರಿಯರಿಂದ ಅಪ್ಪನಿಗೆ ಫೋನ್ ಬಂತು. "ಸಿಡಿ ನೋಡ್ಯಾರ್ರಿ. ನೋಡಿದಾಗಿಂದ ದೊಡ್ಡಪ್ಪಾರು ಊಟ ಬಿಟ್ಟಾರ. ಲಗ್ನಪತ್ರಿಕಾ ಅಚ್ಚಿಗೆ ಕೊಡಬ್ಯಾಡ್ರಿ. ಮೊದಲ ನೀವು ಒಮ್ಮಿ ಬಂದು ಹೋಗ್ರಿ."

ಅಪ್ಪ ಫೋನ್ ಇಟ್ಟು ಅಲ್ಲೇ ನೆಲಕ್ಕೆ ಕುಳಿತ. ನಮ್ಮ ಪ್ರತಿಯನ್ನು ಸ್ಟುಡಿಯೋದಿಂದ ಓಡಿಹೋಗಿ ತಂದೆ. ಅವ್ವ, ಅಪ್ಪ, ತಂಗಿ, ನಾನು ಟಿವಿ ಮುಂದೆ ಕುಳಿತೆವು.

ಮೊದಲಿಗೆ ಎಲ್ಲ ಸರಿಯಾಗಿಯೇ ಇತ್ತು. ಗಣಪತಿ, ಆರತಿ, ತಾಂಬೂಲ. ಯಾರೂ ಹಾರಲಿಲ್ಲ. ಉಂಗುರ ಹಾಕುವ ಹೊತ್ತಿಗೆ ಚಿತ್ರ ನಿಂತಿತು. ಕ್ಯಾಮೆರಾ ಮೆಲ್ಲಗೆ ಒಳಗೆ ಹೊರಟಿತು. ಮುಂದಿನ ಕುರ್ಚಿಯಲ್ಲಿದ್ದ ದೊಡ್ಡಪ್ಪ ದೊಡ್ಡವರಾದರು, ಮತ್ತೂ ದೊಡ್ಡವರಾದರು, ಮಸುಕಾದರು, ಮೀಸೆ ಸಮೇತ ಪಕ್ಕಕ್ಕೆ ಜಾರಿ ಟಿವಿಯಿಂದ ಹೊರಗೇ ಹೋಗಿಬಿಟ್ಟರು! "ಅಯ್ಯೋ ಶಿವನ" ಎಂದಳು ಅವ್ವ. ಕ್ಯಾಮೆರಾ ನಿಲ್ಲಲಿಲ್ಲ. ಪಟಗದ ಹಿರಿಯರು ಎಡಕ್ಕೂ ಬಲಕ್ಕೂ ಸರಿದರು. ಕಂಬವೇ ಸರಿಯಿತು. ಕಂಬದ ಹಿಂದಿನಿಂದ ಹುಡುಗನ ತಾಯಿ, ಕತ್ತು ಚಾಚಿ ಮಗನನ್ನು ನೋಡುತ್ತಿದ್ದವರು, ಮುಂದೆ ಮುಂದೆ ಬಂದರು. ಬರಿ ಹಣೆ, ಬರಿ ಕೊರಳು, ಸಣ್ಣ ನಗು. ಟಿವಿಯ ತುಂಬ ಅವರೇ. ಮೇಲಿನಿಂದ ಮಲ್ಲಿಗೆ ಉದುರಿತು. ಪಕ್ಕದಲ್ಲಿ ಮಗನ ಮುಖ ಬಂದು ಅವರ ಕಡೆಗೇ ನೋಡುತ್ತ ನಿಂತಿತು.

ನಿಶ್ಚಯದ ವಿಡಿಯೋದಲ್ಲಿ, ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ದೊಡ್ಡದಾಗಿ, ವಿಧವೆ! ಅದೂ ಆ ಮನೆಯ ಯಜಮಾನನನ್ನು ಪಕ್ಕಕ್ಕೆ ತಳ್ಳಿ! ತಂಗಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. "ಮುಗೀತು ನನ್ನ ಮಗಳ ಲಗ್ನ" ಎಂದು ಅವ್ವ ಸೆರಗು ಬಾಯಿಗಿಟ್ಟುಕೊಂಡಳು.

ಅತ್ತೆ ಮನೆಯಲ್ಲಿ ಶೇಂಗಾ ಹುರಿಯುತ್ತ ಕುಳಿತಿದ್ದಳು. ನಾನು ಹೋದವಳೇ ಹರಿಹಾಯ್ದೆ. "ಏನೂ ಮಾಡಂಗಿಲ್ಲ ಅಂತ ಮಾತು ಕೊಟ್ಟಿದ್ದಿಯಲ್ಲ ಅತ್ತಿ?"

"ಹಾರಿಸಿಲ್ಲ, ತಿರುಗಿಸಿಲ್ಲ. ಬರೇ ಮುಂದ ತಂದೀನಿ."

"ಯಾಕ ತಂದಿ?"

ಅವಳು ಬಾಣಲೆ ಇಳಿಸಿದಳು. "ಉಂಗುರ ಹಾಕೋವಾಗ ಆ ಹುಡುಗ ನಿನ್ನ ತಂಗಿ ಮಾರಿ ನೋಡಲಿಲ್ಲ ಯವ್ವಾ. ದೂರ ಎತ್ತಾಗೋ ನೋಡಾಕತ್ತಿದ್ದ. ನನಗ ಸಂಶೇ ಬಂತು. ಇವನ ಮನಸ್ಸಿನಾಗ ಬ್ಯಾರೆ ಹುಡುಗಿ ಗಿಡುಗಿ ಅದಾಳೇನು ಅಂತ, ಅವ ನೋಡೋ ದಿಕ್ಕು ಹಿಡಕೊಂಡು ಹಿಂದಿನ ಮಂದ್ಯಾಗ ಹುಡುಕಿದೆ. ಕಂಬದ ಹಿಂದ ಅವರವ್ವ ಸಿಕ್ಕಳು. ಆಕಿನೂ ಅವನನ್ನ ನೋಡಾಕತ್ತಾಳ. ಇಬ್ಬರ ನಡುವ ಅಷ್ಟೂ ಮಂದಿ. ನಾ ಮಂದೀನ ಸರಿಸಿದೆ, ಅಷ್ಟ."

"ನಿನ್ನ ತ್ರೀಡಿಗೆ ಬೆಂಕಿ ಬೀಳ್ಲಿ" ಎಂದು ಹೇಳಿ ಬಂದೆ.

ಮರುದಿನ ಮುಂಜಾನೆ ಬಾಡಿಗೆ ಜೀಪು ಮಾಡಿಕೊಂಡು ಕಂಪ್ಲಿಗೆ ಹೊರಟೆವು. ಅತ್ತೆಯನ್ನು ಕರೆದಿರಲಿಲ್ಲ. ಅವಳು ಜೀಪಿನಲ್ಲಿ ಮೊದಲೇ ಹತ್ತಿ ಕುಳಿತಿದ್ದಳು! "ಅಕ್ಕ, ನೀ ಬರಬ್ಯಾಡ" ಎಂದ ಅಪ್ಪ. "ತಪ್ಪು ಮಾಡ್ದಾಕಿ ಬರಬೇಕಲ್ಲ ತಮ್ಮಾ" ಎಂದಳು. ಹಿರಿಯಕ್ಕನನ್ನು ಕೈಹಿಡಿದು ಇಳಿಸುವ ಧೈರ್ಯ ಅಪ್ಪನಿಗೆ ಎಲ್ಲಿಂದ ಬರಬೇಕು? ಕಮಲಾಪುರ ದಾಟಿದೆವು. ಬಾಳೆತೋಟ, ಕಬ್ಬು, ಭತ್ತದ ಗದ್ದೆ ಹಿಂದೆ ಹೋಗುತ್ತಿದ್ದವು. ಅತ್ತೆ ಪೊಟ್ಟಣ ಬಿಚ್ಚಿ ಎಲ್ಲರಿಗೂ ಶೇಂಗಾ ಕೊಡಲು ಬಂದಳು. ಯಾರೂ ತೆಗೆದುಕೊಳ್ಳಲಿಲ್ಲ.

ಕಂಪ್ಲಿಯ ಮನೆಯಲ್ಲಿ "ಬರ್ರಿ, ಕುಂದ್ರಿ" ಎಂದರು, ನೀರು ಮಾತ್ರ ಬರಲಿಲ್ಲ. ನಮ್ಮ ಕಡೆ ಮನೆಗೆ ಬಂದವರಿಗೆ ನೀರು ಕೊಡದಿದ್ದರೆ ಉಳಿದದ್ದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ದೊಡ್ಡಪ್ಪ ಮೀಸೆ ಬಿಗಿಹಿಡಿದು ಕುಳಿತಿದ್ದರು. ಹುಡುಗ ಗೋಡೆಗೆ ಒರಗಿ ನಿಂತಿದ್ದ. ಒಳಮನೆಯ ಬಾಗಿಲ ಹಿಂದೆ ಒಂದು ಸೀರೆಯ ಅಂಚು ಕಾಣುತ್ತಿತ್ತು.

"ಬೀಗರ, ನಾವು ಹಳೇ ಮಂದಿ" ಎಂದು ದೊಡ್ಡಪ್ಪ ಶುರುಮಾಡಿದರು. "ಗಂಡ ಹೋದಾಕಿ ಶುಭಕಾರ್ಯದಾಗ ಮುಂದ ನಿಂದ್ರಬಾರ್ದು ಅಂತ ನಾವು ಮಾಡಿದ್ದಲ್ಲ, ಹಿರಿಯಾರು ಮಾಡಿದ್ದು. ಆ ಸಿಡಿ ನಮ್ಮ ಬೀಗರು ಬಿಜ್ಜರು ಎಲ್ಲಾರೂ ನೋಡ್ತಾರ. ಮತ್ತ ನಾನು ನೋಡ್ರಿ, ಈ ಮನಿ ಹಿರೇಮನಷ್ಯಾ, ಟಿವಿಯಿಂದನ ಹೊರಗ ಹೋಗೀನಿ." ಯಾವುದು ಅವರಿಗೆ ಹೆಚ್ಚು ನೋವು ಕೊಟ್ಟಿತ್ತೋ ಶಿವನೇ ಬಲ್ಲ. "ಆಕಿನ್ನ ಅದರಾಗಿಂದ ತಗದುಹಾಕಿ ಬ್ಯಾರೆ ಸಿಡಿ ಮಾಡ್ರಿ. ಆಮ್ಯಾಲೆ ಲಗ್ನದ ಮಾತು."

ಅಪ್ಪನ ಹೋದ ಜೀವ ಬಂತು. "ಇವತ್ತ ತಗಸ್ತೀನ್ರಿ" ಎಂದ.

"ನಾ ತಗಿಯಂಗಿಲ್ಲ" ಎಂದಳು ಅತ್ತೆ.

ಅವ್ವ ಅತ್ತೆಯ ಸೆರಗು ಹಿಡಿದು ಎಳೆದಳು. ಅತ್ತೆ ಸೆರಗು ಬಿಡಿಸಿಕೊಂಡು ದೊಡ್ಡಪ್ಪನ ಎದುರಿಗೆ ಬಂದು ನಿಂತಳು. ದನಿ ಏರಿಸಲಿಲ್ಲ.

"ನನಗೂ ಗಂಡ ಇಲ್ರಿ. ನಿಶ್ಚಯದ ದಿನ ಮುಂಜಾನಿಂದ ಸಂಜೀತನ ನಾನು ವೇದಿಕಿ ಮ್ಯಾಲೆನ ಇದ್ದೆ. ನಿಮ್ಮ ಹುಡುಗನ ಮಗ್ಗಲಾಗ, ಆರತಿ ತಾಟಿನ ಮುಂದ. ಸ್ವಲ್ಪ ಈ ಕಡಿ ನೋಡ್ರಿ ಅಂತ ನಿಮಗೂ ಹೇಳಿದ್ದೆ, ನೀವು ನೋಡಿದ್ರಿ. ಯಾರೂ ಅಪಶಕುನ ಅನ್ನಲಿಲ್ಲ. ಯಾಕಂದ್ರ ನನ್ನ ಕೈಯಾಗ ಕ್ಯಾಮೆರಾ ಇತ್ತು. ಕ್ಯಾಮೆರಾ ಹಿಡದಾಕಿ ಮುಂದ ಬರಬೌದು, ಹೆತ್ತಾಕಿ ಬರಬಾರ್ದೇನ್ರಿ? ಈ ಕ್ಯಾಮೆರಾ ಒಂದು ಇರದಿದ್ರ ನಾನೂ ಆಕಿ ಮಗ್ಗಲಾಗ, ಆ ಕಂಬದ ಹಿಂದನ ನಿಂದ್ರತಿದ್ದೆ."

ಅತ್ತೆ ಮಾಮನ ದಿನಕರ್ಮ ಮುಗಿದ ಮರುವಾರವೇ ಕ್ಯಾಮೆರಾ ಹೊತ್ತದ್ದನ್ನು ನಾವೆಲ್ಲ ಹೊಟ್ಟೆಪಾಡು ಎಂದುಕೊಂಡಿದ್ದೆವು. ಕೆಲವರು ಹುಚ್ಚು ಎಂದಿದ್ದರು.

ಆಗ ಬಾಗಿಲ ಹಿಂದಿನಿಂದ ಹುಡುಗನ ತಾಯಿ ಹೊರಗೆ ಬಂದರು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಭಾವಾರ, ತಗಸೋದಾದ್ರ ತಗಸ್ರಿ. ನನ್ನಿಂದ ಈ ಲಗ್ನ ನಿಂದ್ರಬಾರ್ದು. ನಾ ಅದನ್ನ ಇನ್ನಾ ನೋಡಿಲ್ರಿ. ತಗಸೂಕಿಂತ ಮೊದಲ ಒಮ್ಮಿ ನೋಡ್ತೀನಿ" ಎಂದರು.

ಹುಡುಗ ಯಾರನ್ನೂ ಕೇಳಲಿಲ್ಲ. ಒಂದು ಕುರ್ಚಿ ತಂದು ಟಿವಿಯ ಎದುರಿಗೆ, ದೊಡ್ಡಪ್ಪನ ಕುರ್ಚಿಗಿಂತ ಮುಂದೆ ಹಾಕಿದ. ಸಿಡಿ ಹಾಕಿದ. ತಾಯಿ ಕುರ್ಚಿಯ ತುದಿಗೆ ಕುಳಿತರು. ಹಿರಿಯರೆಲ್ಲ ಪಕ್ಕಕ್ಕೆ ಸರಿಯುವುದನ್ನು, ತಾವೇ ಮುಂದೆ ಬರುವುದನ್ನು ನೋಡಿದರು. ಮಗನ ಮುಖ ಪಕ್ಕದಲ್ಲಿ ಬಂದಾಗ, "ಇವ ಉಂಗುರ ಬಿಟ್ಟು ನನ್ನ ನೋಡಾಕತ್ತಿದ್ನಾ?" ಎಂದರು. "ಹೂಂ ಅವ್ವಾ" ಎಂದ ಹುಡುಗ. ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಅವ್ವ ಹೋಗಿ ಅವರ ಬೆನ್ನ ಮೇಲೆ ಕೈ ಇಟ್ಟಳು. "ಲಗ್ನದಾಗ ನಮ್ಮವ್ವ ಮುಂದ ಇರ್ತಾಳ, ದೊಡ್ಡಪ್ಪ" ಎಂದ ಹುಡುಗ, ಟಿವಿ ಆರಿಸುತ್ತ.

ದೊಡ್ಡಪ್ಪ ಮೀಸೆ ನೀವಿಕೊಂಡು ಒಳಗೆ ತಿರುಗಿ, "ಬೀಗರಿಗೆ ನೀರು ಕೊಡ್ರಿ" ಎಂದರು. ಆಮೇಲೆ ಅತ್ತೆಯ ಕಡೆ ನೋಡಿ, ದನಿ ತಗ್ಗಿಸಿ, "ಹಂಗ ಇರ್ಲಿ ಅಕ್ಕಾರ. ನನ್ನ ಮಾತ್ರ ಅಷ್ಟು ಜಲ್ದಿ ಹೊರಗ ಹಾಕಬ್ಯಾಡ್ರಿ. ಸ್ವಲ್ಪ ಸಾವಕಾಶ ಸರಿಸ್ರಿ" ಎಂದರು. ಅತ್ತೆ ಮುಖ ಗಂಭೀರ ಮಾಡಿಕೊಂಡು, "ಆಗ್ಲಿ ಬಿಡ್ರಿ, ಸಾವಕಾಶ ಸರಿಸ್ತೀನಿ" ಎಂದಳು. ತಿರುಗಿ ಬರುವಾಗ ಜೀಪಿನಲ್ಲಿ ಶೇಂಗಾ ಸಾಲಲಿಲ್ಲ.

ಲಗ್ನ ಹೊಸಪೇಟೆಯಲ್ಲೇ, ಅದೇ ಕಲ್ಯಾಣ ಮಂಟಪದಲ್ಲಿ ಆಯಿತು. ಹುಡುಗನ ತಾಯಿ ವೇದಿಕೆಯ ಮೇಲೆ ಮಗನ ಪಕ್ಕದಲ್ಲಿ ನಿಂತು ಅಕ್ಕಿಕಾಳು ಹಾಕಿದರು. ಹಿಂದಿನ ಸಾಲುಗಳಲ್ಲಿ ಗುಸುಗುಸು ಆಯಿತು. ದೊಡ್ಡಪ್ಪ ಒಮ್ಮೆ ಹಿಂತಿರುಗಿ ನೋಡಿದರು, ನಿಂತಿತು. ಅತ್ತೆ ಎಂದಿನಂತೆ ಕ್ಯಾಮೆರಾ ಹೊತ್ತು ಎಲ್ಲರಿಗೂ ಅಲ್ಲಿ ನಿಂದ್ರು, ಇಲ್ಲಿ ಸರಿ ಎಂದು ಅಪ್ಪಣೆ ಕೊಡುತ್ತಿದ್ದಳು. ಕಡೆಗೆ ಎರಡೂ ಮನೆಯವರು ಸೇರಿ ನಿಲ್ಲುವ ಹೊತ್ತು ಬಂತು. ಹುಡುಗನ ತಾಯಿ, "ಕ್ಯಾಮೆರಾ ಯಾರರೆ ಕೈಯಾಗ ಕೊಟ್ಟು ನೀವೂ ಬರ್ರಿ ಅಕ್ಕಾರ" ಎಂದರು.

"ನಾ ಒಲ್ಲೆ ಬಿಡ್ರಿ. ನಾ ಬಂದ್ರ ತಗಿಯಾವ್ರು ಯಾರು?" ಎಂದಳು ಅತ್ತೆ.

ನನ್ನ ತಂಗಿ ಬಾಸಿಂಗ ಕಟ್ಟಿಕೊಂಡೇ ಕೆಳಗಿಳಿದು ಬಂದು, ಅತ್ತೆಯ ಹೆಗಲಿನಿಂದ ಕ್ಯಾಮೆರಾ ಬಿಡಿಸಿ ನನ್ನ ಕೈಗೆ ಕೊಟ್ಟಳು.

ಕ್ಯಾಮೆರಾ ಕೈಬಿಟ್ಟದ್ದೇ ತಡ, ಮುಲಾಜಿಲ್ಲದೆ ಊರನ್ನೇ ಗಾಳಿಯಲ್ಲಿ ತೇಲಿಸುತ್ತಿದ್ದ ಆ ಹೆಂಗಸಿಗೆ ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಸೆರಗು ಹೊದ್ದುಕೊಂಡಳು. ಸುತ್ತ ಒಮ್ಮೆ ನೋಡಿದಳು. ಆಮೇಲೆ ಯಾರೂ ಹೇಳದೆಯೇ, ತಲೆತಗ್ಗಿಸಿ, ಕಂಬದ ಕಡೆಗೆ ಹೊರಟಳು. ಹುಡುಗನ ತಾಯಿ ವೇದಿಕೆಯಿಂದ ಇಳಿದು ಬಂದು, ಅವಳ ಕೈಹಿಡಿದು ಕರೆದುಕೊಂಡು ಹೋಗಿ, ಮದುಮಕ್ಕಳ ಮುಂದೆ ಹಾಕಿದ್ದ ಕುರ್ಚಿಯಲ್ಲಿ ತಮ್ಮ ಪಕ್ಕಕ್ಕೆ ಕೂರಿಸಿಕೊಂಡರು. ನಾನು ಕ್ಯಾಮೆರಾದೊಳಗೆ ಕಣ್ಣಿಟ್ಟೆ. ಅಳು ತಡೆಯಲಾಗಲಿಲ್ಲ, ಕೈ ನಡುಗತೊಡಗಿತು. ಅತ್ತೆಯ ಕೆನ್ನೆಯ ಮೇಲೂ ನೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳದೆ ನನ್ನನ್ನೇ ನೋಡಿ ಗದರಿದಳು:

"ಲೇ ಹುಡುಗಿ, ಕೈ ಅಳ್ಳಾಡಿಸಬ್ಯಾಡ. ನಿಮ್ಮ ಮಾಮ ಹೋದಮ್ಯಾಲೆ ಇವತ್ತ ನಾ ಮುಂದ ಕುಂತೀನಿ. ನೆಟ್ಟಗ ಹಿಡಿ."